ಬೇಸಿಗೆ ಪಾರ್ಟಿಗೆ ಯಾವ ಮ್ಯಾಜಿಕ್? ನೀರು, ಬಿಸಿಲು, ಇಸ್ಪೀಟು, ಹಗ್ಗ, ಲೆಕ್ಕ – ಒಂದೊಂದನ್ನೂ ಪಕ್ಕಪಕ್ಕ ಇಟ್ಟು ನೋಡೋಣ

ಕಳೆದ ಬೇಸಿಗೆಯಲ್ಲಿ ಮಕ್ಕಳ ಪಾರ್ಟಿಗೆ ನಾನೇ ಮ್ಯಾಜಿಕ್ ಮಾಡ್ತೀನಿ ಅಂತ ಒಂದು ವಾರ ಮೊದಲೇ ಊರಿಗೆಲ್ಲ ಸಾರಿಕೊಂಡು ಓಡಾಡಿದ್ದೆ. ಕನ್ನಡಿ ಮುಂದೆ ನಿಂತು ಇಸ್ಪೀಟಿನ ಕೈಚಳಕ ಅಭ್ಯಾಸ ಮಾಡಿದೆ. ಮನೆಯೊಳಗೆ ಫ್ಯಾನ್ ಕೆಳಗೆ ಎಲ್ಲ ಸಲೀಸಾಗಿತ್ತು. ಪಾರ್ಟಿ ದಿನ ಹೊರಗೆ ಮರದ ಕೆಳಗೆ, ಸುತ್ತ ಹದಿನೈದು ಮಕ್ಕಳು, ಅಂಗೈ ತುಂಬಾ ಬೆವರು. ಮಾಯವಾಗಬೇಕಿದ್ದ ಎಲೆ ಅಂಗೈಗೇ ಕಚ್ಚಿಕೊಂಡು ಕೂತುಬಿಟ್ಟಿತು. ನನ್ನ ಬೆನ್ನ ಹಿಂದೆ ಕೂತಿದ್ದ ಅಣ್ಣನ ಮಗಳು, "ಚಿಕ್ಕಪ್ಪಾ, ಎಲೆ ನಿಮ್ ಕೈಗೇ ಅಂಟ್ಕೊಂಡಿದೆ ನೋಡಿ" ಅಂದಳು. ಕಟ್ಟಿನಲ್ಲಿ ಉಳಿದ ಎಲೆಗಳ ಗತಿಯನ್ನು ಗಾಳಿ ನೋಡಿಕೊಂಡಿತು.

ಮಾನ ಉಳಿಸಿಕೊಳ್ಳೋಕೆ ಏನಾದರೂ ಮಾಡಬೇಕಿತ್ತಲ್ಲ, ಮೇಜಿನ ಮೇಲಿದ್ದ ಒಂದು ಲೋಟಕ್ಕೆ ಅಂಚಿನ ತನಕ ನೀರು ತುಂಬಿ, ಮೇಲೆ ಒಂದು ರಟ್ಟು ಇಟ್ಟು, ಅಣ್ಣನ ತಲೆ ಮೇಲೆ ಮಗುಚಿ ಹಿಡಿದೆ. ರಟ್ಟು ಮೂರು ಸೆಕೆಂಡು ನಿಂತಿತು. ಆಮೇಲೆ ಜಾರಿತು. ಅಣ್ಣ ಒದ್ದೆಮುದ್ದೆ. ಇಡೀ ಪಾರ್ಟಿಯಲ್ಲಿ ಮಕ್ಕಳು ಅಷ್ಟು ನಕ್ಕಿದ್ದು ಆಗಲೇ.

ಆವತ್ತು ನನಗೆ ಹೊಳೆದದ್ದು ಇಷ್ಟೇ. ಇಸ್ಪೀಟಿನ ಆಟ ಕೈಕೊಟ್ಟರೆ ಜನ ಸುಮ್ಮನಾಗಿಬಿಡುತ್ತಾರೆ, ನೀರಿನ ಆಟ ಕೈಕೊಟ್ಟರೆ ನಗುತ್ತಾರೆ. ಬೇಸಿಗೆ ಪಾರ್ಟಿಗೆ ಟ್ರಿಕ್ ಆರಿಸುವಾಗ ಅದು ಎಷ್ಟು ದೊಡ್ಡದು, ಎಷ್ಟು ಕಷ್ಟದ್ದು ಅನ್ನೋದನ್ನು ನಾನೀಗ ನೋಡೋದೇ ಇಲ್ಲ. ಕೇಳೋದು ನಾಲ್ಕೇ ಪ್ರಶ್ನೆ. ಬೆವರಿದ ಕೈಯಲ್ಲಿ ಆಗುತ್ತಾ? ಗಾಳಿಗೆ ನಿಲ್ಲುತ್ತಾ? ಬಿಸಿಲಲ್ಲಿ ಗುಟ್ಟು ಕಾಣಿಸುತ್ತಾ? ಕೆಟ್ಟರೆ ಏನಾಗುತ್ತೆ?

ಈ ನಾಲ್ಕು ಇಟ್ಟುಕೊಂಡು ಒಂದೊಂದೇ ಜಾತಿ ನೋಡೋಣ.

ನೀರು, ಐಸ್

ನನ್ನ ಮೊದಲ ಆಯ್ಕೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೇಲೆ ಹೇಳಿದ ಮಗುಚಿದ ಲೋಟ ಎಲ್ಲರಿಗೂ ಗೊತ್ತಿರೋದೇ, ಆದರೂ ಹಳಸುವುದಿಲ್ಲ. ರಟ್ಟನ್ನು ಕೆಳಗಿನಿಂದ ಒತ್ತಿ ಹಿಡಿಯುವುದು ಗಾಳಿ. ಗಾಳಿಯ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ತೂಕ ಹೇರಿದಷ್ಟು. ಲೋಟದ ಬಾಯಿ 7 ಸೆಂಟಿಮೀಟರ್ ಅಗಲ ಇದ್ದರೆ ಹೆಚ್ಚು ಕಡಿಮೆ 38 ಕಿಲೋ ಆಯಿತು, ಒಳಗಿರೋ ನೀರು ಕಾಲು ಕಿಲೋ. ಹೀಗೆ ಲೆಕ್ಕ ಹಾಕಿದರೆ ಬೀಳೋದೇ ಆಶ್ಚರ್ಯ ಅನಿಸುತ್ತೆ ಅಲ್ವಾ? ನಂದು ಬಿದ್ದಿದ್ದು ರಟ್ಟು ನೆನೆದು ಮೆತ್ತಗಾಗಿ ಅಂಚಿನಲ್ಲಿ ಗಾಳಿ ಒಳಗೆ ನುಗ್ಗಿದ್ದರಿಂದ. ಪ್ಲಾಸ್ಟಿಕ್ ಹಾಳೆ ಅಥವಾ ಲ್ಯಾಮಿನೇಷನ್ ಮಾಡಿದ ಕಾರ್ಡು ಇಟ್ಟರೆ ಆ ಗೋಳಿಲ್ಲ.

ಇದರದೇ ಇನ್ನೊಂದು ರೂಪ ಇದೆ, ನನಗೆ ಇದೇ ಹೆಚ್ಚು ಇಷ್ಟ. ಗಾಜಿನ ಬಾಟಲಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಬಟ್ಟೆ, ಸೊಳ್ಳೆ ಪರದೆಯ ತುಂಡಾದರೂ ಆದೀತು, ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಬಲೆಯ ಮೇಲಿಂದಲೇ ನೀರು ಸುರಿದು ತುಂಬಿಸಿ. ನೀರು ಸರಾಗವಾಗಿ ಒಳಗೆ ಹೋಯಿತು ಅಂದರೆ ಬಲೆಯಲ್ಲಿ ತೂತು ಇದೆ ಅಂತ ಎಲ್ಲರಿಗೂ ಗೊತ್ತಾಯಿತು. ಈಗ ಕಾರ್ಡು ಮುಚ್ಚಿ ಮಗುಚಿ, ನಿಧಾನಕ್ಕೆ ಕಾರ್ಡು ಪಕ್ಕಕ್ಕೆ ಸರಿಸಿ. ನೀರು ನಿಲ್ಲುತ್ತೆ. ಬರೀ ಬಲೆ, ಅದರ ಮೇಲೆ ನೀರು, ಬಾಟಲಿ ತಲೆಕೆಳಗು. ಬಲೆಯ ಒಂದೊಂದು ಕಣ್ಣಿನಲ್ಲೂ ನೀರು ತೆಳು ಪೊರೆಯ ಹಾಗೆ ಬಿಗಿದು ನಿಂತಿರುತ್ತೆ, ಕೆಳಗಿನಿಂದ ಗಾಳಿ ಒತ್ತುತ್ತಿರುತ್ತೆ. ಬಾಟಲಿಯನ್ನು ನೆಟ್ಟಗೆ ಹಿಡಿದಷ್ಟು ಹೊತ್ತು ಒಂದು ಹನಿಯೂ ಬೀಳಲ್ಲ. ಚೂರು ವಾಲಿಸಿದಿರೋ, ಒಂದು ಕಡೆಯಿಂದ ಗಾಳಿ ಒಳಗೆ, ಇನ್ನೊಂದು ಕಡೆಯಿಂದ ನೀರು ಹೊರಗೆ. ಯಾವಾಗ ವಾಲಿಸಬೇಕು, ಯಾರ ತಲೆ ಮೇಲೆ ವಾಲಿಸಬೇಕು ಅನ್ನೋದೆಲ್ಲ ನಿಮ್ಮ ಕೈಯಲ್ಲಿ. ಕೆಟ್ಟರೂ ಬೇಕಂತಲೇ ಮಾಡಿದ್ದು ಅಂದುಬಿಡಬಹುದು.

ಇನ್ನು ಡಯಾಪರ್ ಪುಡಿಯ ಆಟ. ಮಕ್ಕಳ ಡಯಾಪರ್ ಒಳಗಿನ ಹತ್ತಿಯಲ್ಲಿ ಉಪ್ಪಿನ ಹರಳಿನಂಥ ಬಿಳಿ ಕಣಗಳಿರುತ್ತವೆ, ಹೆಸರು ಸೋಡಿಯಂ ಪಾಲಿಆಕ್ರಿಲೇಟ್. ತನ್ನ ತೂಕದ ನೂರಾರು ಪಟ್ಟು ನೀರು ಕುಡಿದು ಗಟ್ಟಿ ಜೆಲ್ ಆಗುತ್ತೆ. ಮೂರು ಪೇಪರ್ ಕಪ್ ಸಾಲಾಗಿ ಇಡಿ, ಒಂದರಲ್ಲಿ ಮೊದಲೇ ಒಂದು ಚಮಚ ಪುಡಿ ಇರಲಿ. ಎಲ್ಲರ ಎದುರು ಅದಕ್ಕೆ ಅರ್ಧ ಕಪ್ ನೀರು ಸುರಿಯಿರಿ, ಕಪ್‌ಗಳನ್ನು ಅತ್ತಿಂದಿತ್ತ ಸರಿಸುತ್ತಾ ಹದಿನೈದು ಸೆಕೆಂಡು ಏನಾದರೂ ಮಾತಾಡಿ, "ನೀರು ಎಲ್ಲಿದೆ?" ಅಂತ ಕೇಳಿ ಒಂದೊಂದೇ ಕಪ್ ಬೋರಲು ಹಾಕಿ. ಮೂರೂ ಖಾಲಿ.

ಇಷ್ಟೇ ಅನಿಸುತ್ತೆ, ಆದರೆ ಬಿಸಿಲಲ್ಲಿ ಇದಕ್ಕೊಂದು ಶತ್ರು ಇದೆ. ತೆಳು ಬಿಳಿ ಪೇಪರ್ ಕಪ್ ಬೆಳಕಿಗೆ ಅಡ್ಡ ಹಿಡಿದರೆ ಒಳಗಿರೋದರ ನೆರಳು ಹೊರಗೆ ಕಾಣುತ್ತೆ, ಜೆಲ್ ಮುದ್ದೆ ತಳದಲ್ಲಿ ಕೂತಿರೋದು ಎದುರಿನ ಸಾಲಿಗೆ ಚೆನ್ನಾಗಿ ಗೊತ್ತಾಗುತ್ತೆ. ದಪ್ಪನೆಯ, ಗಾಢ ಬಣ್ಣದ ಕಪ್ ತಗೊಳ್ಳಿ. ಗಾಳಿಗೆ ಪುಡಿ ಹಾರದ ಹಾಗೆ ತಳಕ್ಕೆ ನಾಲ್ಕು ಹನಿ ನೀರು ಹಾಕಿ ಮೊದಲೇ ಅಂಟಿಸಿಬಿಡಿ, ಅಥವಾ ಪುಡಿ ತೆಗೆಯೋ ಗೊಡವೆಯೇ ಬೇಡ, ಡಯಾಪರಿನ ಹತ್ತಿಯ ತುಂಡನ್ನೇ ತಳಕ್ಕೆ ಬಿಗಿಯಾಗಿ ತುರುಕಿ. ಗಡಸು ನೀರಾದರೆ ಪುಡಿ ಕಡಿಮೆ ಕುಡಿಯುತ್ತೆ, ಉಪ್ಪು ಬಿದ್ದರೆ ಕುಡಿದದ್ದನ್ನೂ ಬಿಟ್ಟುಬಿಡುತ್ತೆ. ಹಾಗಾಗಿ ಪಾರ್ಟಿಯಲ್ಲಿ ಬಳಸೋ ನೀರಿನಲ್ಲೇ ಒಮ್ಮೆ ಮಾಡಿ ನೋಡಿ. ಆಟ ಮುಗಿದ ಮೇಲೆ ಜೆಲ್ ಕಸದ ಬುಟ್ಟಿಗೆ, ಸಿಂಕಿಗೆ ಬೇಡ, ಪೈಪು ಕಟ್ಟಿಕೊಳ್ಳುತ್ತೆ. ಕುಡಿಯೋ ಕಪ್‌ಗೂ ಮ್ಯಾಜಿಕ್ ಕಪ್‌ಗೂ ಬಣ್ಣ ಬೇರೆ ಬೇರೆ ಇರಲಿ, ಇದೊಂದು ಮಾತ್ರ ಮರೀಬೇಡಿ.

ಐಸ್ ತುಂಡನ್ನು ದಾರದಿಂದ ಎತ್ತೋದು ಮಕ್ಕಳ ಕೈಗೇ ಕೊಡಬಹುದಾದ ಆಟ. ಒಂದು ಬಟ್ಟಲು ನೀರಲ್ಲಿ ಐಸ್ ತೇಲುತ್ತಿದೆ, ನಿಮ್ಮ ಕೈಯಲ್ಲಿ ಹತ್ತಿ ದಾರ. ಗಂಟು ಹಾಕದೆ, ಐಸ್ ಮುಟ್ಟದೆ ಎತ್ತಬೇಕು. ಎಲ್ಲರೂ ಸೋತ ಮೇಲೆ ನೀವು ಒದ್ದೆ ದಾರವನ್ನು ಐಸ್ ಮೇಲೆ ಮಲಗಿಸಿ, ಚಿಟಿಕೆ ಉಪ್ಪು ಉದುರಿಸಿ, ಒಂದು ನಿಮಿಷ ಬಿಟ್ಟು ಎತ್ತಿ. ಉಪ್ಪು ಮೇಲಿನ ಪದರವನ್ನು ಕರಗಿಸುತ್ತೆ, ಕರಗುವಾಗ ಸುತ್ತಲ ಶಾಖ ಹೀರಿಕೊಳ್ಳುತ್ತೆ, ಉಪ್ಪು ತೆಳುವಾದ ಹಾಗೆ ನೀರು ದಾರದ ಸುತ್ತ ಮತ್ತೆ ಹೆಪ್ಪುಗಟ್ಟುತ್ತೆ. ನೈಲಾನ್ ದಾರ ಬೇಡ, ನೀರು ಹೀರಲ್ಲ. ಸುಡು ಬಿಸಿಲಲ್ಲಿ ಮಾಡಿದರೆ ಮತ್ತೆ ಹೆಪ್ಪುಗಟ್ಟೋ ಅಷ್ಟರಲ್ಲಿ ಐಸೇ ಇರಲ್ಲ. ನೆರಳು ಬೇಕು, ದೊಡ್ಡ ತುಂಡು ಬೇಕು, ಫ್ರೀಜರಿನಿಂದ ಆಗಷ್ಟೇ ತೆಗೆದದ್ದಿರಬೇಕು.

ಬಾಟಲಿಯನ್ನು ಕುಟ್ಟಿದ ತಕ್ಷಣ ನೀರು ಕಣ್ಣೆದುರೇ ಐಸ್ ಆಗುವ ಆಟವೂ ಇದೆ. ನೋಡೋಕೆ ಅದ್ಭುತ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದೆ ಉಳಿದ ನೀರಿಗೆ ಒಂದು ಏಟು ಬಿದ್ದರೆ ಸಾಕು, ಸರಸರ ಅಂತ ಗಟ್ಟಿಯಾಗುತ್ತೆ. ಆದರೆ ಪಾರ್ಟಿಗೆ ನಾನು ಇದನ್ನು ಹೇಳಲ್ಲ. ಒಂದು ಫ್ರಿಜ್‌ನಲ್ಲಿ ಎರಡು ಗಂಟೆ, ಇನ್ನೊಂದರಲ್ಲಿ ಮೂರು. ಪಾರ್ಟಿ ದಿನ ಹತ್ತು ಜನ ಹತ್ತು ಸಲ ಬಾಗಿಲು ತೆಗೆದು ಹಾಕುತ್ತಾರೆ, ಲೆಕ್ಕವೆಲ್ಲ ತಪ್ಪುತ್ತೆ. ಐದು ಬಾಟಲಿ ಇಟ್ಟರೆ ಎರಡು ಮೊದಲೇ ಕಲ್ಲಾಗಿರುತ್ತವೆ, ಎರಡು ಬರೀ ತಣ್ಣೀರು.

ಲೋಟದ ಕೆಳಗೆ ನಾಣ್ಯ ಮಾಯವಾಗೋದು ಇದಕ್ಕಿಂತ ಎಷ್ಟೋ ವಾಸಿ. ಮೇಜಿನ ಮೇಲೆ ನಾಣ್ಯ, ಅದರ ಮೇಲೆ ಗಾಜಿನ ಲೋಟ, ಲೋಟಕ್ಕೆ ನೀರು, ಮೇಲೊಂದು ತಟ್ಟೆ ಮುಚ್ಚಿ. ಪಕ್ಕದಿಂದ ನೋಡಿದವರಿಗೆ ನಾಣ್ಯವೇ ಇಲ್ಲ. ನಾಣ್ಯದಿಂದ ಬರುವ ಬೆಳಕು ನೀರಿನೊಳಗೆ ಬಾಗಿ, ಲೋಟದ ಗೋಡೆಯಿಂದ ಹೊರಗೆ ಬರಲಾಗದೆ ಮೇಲಕ್ಕೆ ಹೋಗುತ್ತೆ, ಮೇಲೆ ತಟ್ಟೆ ಇದೆಯಲ್ಲ. ಇದು ನಡೆಯೋದು ನಾಣ್ಯಕ್ಕೂ ಲೋಟದ ತಳಕ್ಕೂ ನಡುವೆ ತೆಳ್ಳಗೆ ಗಾಳಿ ಇದ್ದರೆ ಮಾತ್ರ. ಬೇಸಿಗೆ ಅಂತ ಫ್ರಿಜ್ ನೀರು ಸುರಿದಿರಾ, ಲೋಟದ ಹೊರಗೆ ಹನಿಗಟ್ಟಿ ಕೆಳಗಿಳಿದು ತಳ ಒದ್ದೆಯಾಗುತ್ತೆ, ನಾಣ್ಯ ಮತ್ತೆ ಪ್ರತ್ಯಕ್ಷ. ನಲ್ಲಿಯ ನೀರು ಸಾಕು.

ನೀರು ತುಂಬಿದ ಜಿಪ್ ಕವರಿನ ಮೂಲಕ ಪೆನ್ಸಿಲ್ ಚುಚ್ಚೋದೂ ಒಳ್ಳೆಯದೇ. ಚೂಪಾಗಿ ಹೆರೆದ ಪೆನ್ಸಿಲ್, ಒಂದೇ ಏಟಿಗೆ ಆಚೆಯಿಂದೀಚೆ. ಪ್ಲಾಸ್ಟಿಕ್ ಹಿಗ್ಗಿ ಪೆನ್ಸಿಲಿನ ಸುತ್ತ ಬಿಗಿದುಕೊಳ್ಳುತ್ತೆ, ಸೋರಲ್ಲ. ಹೊರಗೆ ಎಳೆದರೆ ಮಾತ್ರ ಕಾರಂಜಿ.

ಬಿಸಿಲಿನದೇ ಮ್ಯಾಜಿಕ್

ಬೇಸಿಗೆಯಲ್ಲಿ ಪಾರ್ಟಿ ಮಾಡ್ತಾ ಬಿಸಿಲನ್ನು ಬಳಸಿಕೊಳ್ಳದೆ ಇರೋದು ಯಾಕೆ? ಬಿಸಿಲಿಗೆ ಬಣ್ಣ ಬದಲಿಸುವ ಪ್ಲಾಸ್ಟಿಕ್ ಮಣಿಗಳು ಸಿಗುತ್ತವೆ. ಒಳಗೆ ಇದ್ದಾಗ ಹಾಲಿನ ಹಾಗೆ ಬಿಳಿ, ಬಿಸಿಲಿಗೆ ಬಂದ ಕೆಲವೇ ಸೆಕೆಂಡಿಗೆ ನೇರಳೆ, ಹಳದಿ, ಗುಲಾಬಿ. ಸೂರ್ಯನ ನೇರಳಾತೀತ ಕಿರಣ ಬಿದ್ದಾಗ ಬಣ್ಣ ಮೂಡುವ ಪದಾರ್ಥ ಅದರಲ್ಲಿರುತ್ತೆ. ಒಂದು ಮಗುವಿನ ಮುಷ್ಟಿಯಲ್ಲಿ ಐದು ಬಿಳಿ ಮಣಿ ಇಟ್ಟು, ಮುಷ್ಟಿ ಬಿಗಿ ಹಿಡಿಸಿ, ಮಂತ್ರ ಹೇಳುತ್ತಾ ಅಂಗಳಕ್ಕೆ ಕರೆದುಕೊಂಡು ಹೋಗಿ, ಮುಷ್ಟಿ ತೆರೆಯೋಕೆ ಹೇಳಿ. ಅಂಗೈ ಮೇಲೆ ಬಣ್ಣ ನಿಧಾನಕ್ಕೆ ಏರುವಾಗ ಆ ಮಗುವಿನ ಮುಖ ನೋಡಬೇಕು ನೀವು. ಇಲ್ಲಿ ಮ್ಯಾಜಿಕ್ ಆಗಿದ್ದು ಅದರ ಕೈಯಲ್ಲಿ, ನಿಮ್ಮ ಕೈಯಲ್ಲಿ ಅಲ್ಲ.

ಮೋಡ ಇದ್ದರೂ ನಡೆಯುತ್ತೆ, ಸ್ವಲ್ಪ ನಿಧಾನ. ಕಿಟಕಿ ಗಾಜಿನ ಹಿಂದೆ ಬಣ್ಣ ಮಂಕು. ಒಂದು ವಿಚಿತ್ರ ಏನಂದ್ರೆ, ಮಣಿ ಬಿಸಿಯಾದಷ್ಟೂ ಬಣ್ಣ ತೆಳು, ತಣ್ಣಗಿದ್ದಷ್ಟೂ ಗಾಢ. ಮೊದಲು ಸ್ವಲ್ಪ ಹೊತ್ತು ಐಸ್ ಡಬ್ಬದ ಪಕ್ಕ ಇಟ್ಟಿದ್ದರೆ ಒಳ್ಳೆಯದು. ತೀರಾ ಚಿಕ್ಕ ಮಕ್ಕಳು ಇದ್ದರೆ ಈ ಆಟವೇ ಬೇಡ, ಮಣಿ ಬಾಯಿಗೆ ಹೋಗುತ್ತೆ.

ಬಿಸಿಲಲ್ಲಿ ನೀಲಿ ಬಣ್ಣದ ಅಚ್ಚು ಮೂಡುವ ಕಾಗದವೂ ಇದೆ, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದ್ದು. ಗಿಡದ ಎಲೆ ಇಟ್ಟು ಕೆಲವು ನಿಮಿಷ ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ನೀಲಿ ಮಧ್ಯೆ ಎಲೆಯ ಬಿಳಿ ಅಚ್ಚು. ಚೆಂದ, ಆದರೆ ನಿಧಾನ. ಶೋ ಮಧ್ಯೆ ಹಾಕಬೇಡಿ. ಬೇಗ ಬಂದ ಮಕ್ಕಳನ್ನು ಕೂರಿಸೋಕೆ ಸರಿ.

ಇಸ್ಪೀಟು, ನಾಣ್ಯದ ಕೈಚಳಕ

ನನ್ನ ಕಥೆ ಕೇಳಿದ್ದೀರಲ್ಲ. ಆದರೂ ಪೂರ್ತಿ ಬೇಡ ಅನ್ನಲ್ಲ. ದೊಡ್ಡವರ ಪಾರ್ಟಿ, ಸಂಜೆ, ಒಳಗೆ, ಮೇಜಿನ ಸುತ್ತ ಆರು ಜನ. ಇಂಥ ಕಡೆ ಇಸ್ಪೀಟಿಗೆ ಸಾಟಿ ಇಲ್ಲ. ಕೈಚಳಕ ಬರದವರು 21 ಎಲೆಯ ಆಟ ಮಾಡಿ. ಏಳೇಳು ಎಲೆಯ ಮೂರು ಸಾಲು ಹಾಕಿ, ಮನಸ್ಸಲ್ಲಿ ನೆನೆದ ಎಲೆ ಯಾವ ಸಾಲಲ್ಲಿದೆ ಅಂತ ಕೇಳಿ, ಆ ಸಾಲನ್ನು ನಡುವೆ ಇಟ್ಟು ಎತ್ತಿ ಮತ್ತೆ ಹಂಚಿ. ಮೂರು ಸಲ ಹೀಗೆ ಮಾಡಿದರೆ ನೆನೆದ ಎಲೆ 11ನೆಯ ಜಾಗಕ್ಕೆ ಬಂದು ಕೂರುತ್ತೆ, ತಪ್ಪೋದೇ ಇಲ್ಲ. ಬೇಕಾದಷ್ಟು ಜನಕ್ಕೆ ಗೊತ್ತಿರೋ ಆಟ, ಜೊತೆಗೆ ಹಂಚುತ್ತಾ ಹಂಚುತ್ತಾ ಐದು ನಿಮಿಷ ಹೋಗುತ್ತೆ. ಮಕ್ಕಳಾದರೆ ಎರಡನೇ ಸುತ್ತಿಗೇ ಎದ್ದು ಹೋಗಿರುತ್ತಾರೆ.

ಹೊರಗೇ ಮಾಡಬೇಕು ಅಂತಿದ್ದರೆ ಪೂರ್ತಿ ಪ್ಲಾಸ್ಟಿಕ್ಕಿನ ಎಲೆ ತಗೊಳ್ಳಿ, ಕಾಗದದವು ಬೆವರಿಗೆ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ನುಣುಪು ಮೇಜಿನ ಬದಲು ದಪ್ಪ ಬಟ್ಟೆ ಹಾಸಿದ ನೆಲದ ಮೇಲೆ ಕೂತು ಮಾಡಿ. ನಾಣ್ಯ ಗಾಳಿಗೆ ಹಾರಲ್ಲ, ಆದರೆ ಒದ್ದೆ ಬೆರಳಿಂದ ಜಾರುತ್ತೆ, ಬಿದ್ದರೆ ಟಣ್ ಅಂತ ಸದ್ದು ಬೇರೆ.

ಇನ್ನೊಂದು ತೊಂದರೆ ಸುತ್ತುವರಿದ ಜನ. ಕೈಚಳಕಕ್ಕೆ ಎದುರಿನ ಕಣ್ಣು ಮಾತ್ರ ಬೇಕು. ಬಯಲಿನಲ್ಲಿ ಮಕ್ಕಳು ಹಿಂದೆ, ಪಕ್ಕ, ಒಬ್ಬ ಮರದ ಮೇಲೆ. ನೀರಿನ ಆಟಕ್ಕೆ ಈ ಭಯವಿಲ್ಲ, ಲೋಟದಲ್ಲಿ ನೀರು ನಿಂತಿದ್ದರೆ ಹಿಂದಿನಿಂದ ನೋಡಿದರೂ ನಿಂತೇ ಇರುತ್ತೆ.

ಹಗ್ಗ, ರಬ್ಬರ್ ಬ್ಯಾಂಡ್, ಕ್ಲಿಪ್

ಬೆವರು, ಗಾಳಿ ಎರಡಕ್ಕೂ ಜಗ್ಗದವು ಇವು. ಹಗ್ಗ ಕತ್ತರಿಸಿ ಮತ್ತೆ ಒಂದು ಮಾಡೋದು ದೂರದವರಿಗೂ ಕಾಣುತ್ತೆ, ಇಪ್ಪತ್ತು ಮೂವತ್ತು ಜನ ಇದ್ದರೂ ನಡೆಯುತ್ತೆ. ಗುಟ್ಟು ಸರಳ. ಮುಷ್ಟಿಯಿಂದ ಮೇಲೆ ಕಾಣೋ ಕುಣಿಕೆ ದೊಡ್ಡ ಹಗ್ಗದ್ದಲ್ಲ, ಅದೇ ಬಣ್ಣದ ಒಂದು ಗೇಣು ತುಂಡಿನದು. ಕತ್ತರಿ ಬೀಳೋದು ಆ ತುಂಡಿಗೆ. ಕತ್ತರಿಸಿದ ಚೂರುಗಳು ಮಾತ್ರ ಮುಷ್ಟಿಯಲ್ಲೇ ಉಳಿಯಬೇಕು, ಆಮೇಲೆ ಜೇಬಿಗೆ ಕೈ ಹಾಕೋಕೆ ಒಂದು ನೆಪ ಬೇಕು. ಬೇಸಿಗೆಯಲ್ಲಿ ನೆಪಕ್ಕೆ ಬರವಾ? ಬೆವರು ಒರೆಸೋಕೆ ಕರವಸ್ತ್ರ ತೆಗೆದರೆ ಆಯಿತು. ನನ್ನ ಬೆವರು ನನ್ನ ಉಪಕಾರಕ್ಕೆ ಬಂದದ್ದು ಇದೊಂದರಲ್ಲೇ.

ರಬ್ಬರ್ ಬ್ಯಾಂಡ್ ಎರಡು ಬೆರಳಿನಿಂದ ಇನ್ನೆರಡು ಬೆರಳಿಗೆ ನೆಗೆಯೋದು ನಾಲ್ಕೈದು ಜನರ ಎದುರು ಮಾತ್ರ. ಬ್ಯಾಂಡನ್ನು ತೋರುಬೆರಳು, ನಡುಬೆರಳಿಗೆ ಹಾಕಿ, ಅಂಗೈ ಕಡೆಯಿಂದ ಎಳೆದು, ಮುಷ್ಟಿ ಕಟ್ಟುವಾಗ ನಾಲ್ಕೂ ಬೆರಳ ತುದಿ ಅದರೊಳಗೆ ತೂರಿಸಿ. ಮುಷ್ಟಿ ಬಿಚ್ಚಿದರೆ ಬ್ಯಾಂಡ್ ಆಚೆ ಎರಡು ಬೆರಳಿಗೆ ಹೋಗಿರುತ್ತೆ. ಎಂಟು ವರ್ಷದ ಮಗು ಹತ್ತು ನಿಮಿಷದಲ್ಲಿ ಕಲಿಯುತ್ತೆ.

ಕಾಗದದ ಉದ್ದ ಪಟ್ಟಿಯನ್ನು ಇಂಗ್ಲಿಷಿನ ಎಸ್ ಆಕಾರಕ್ಕೆ ಮಡಚಿ, ನಡುಪದರಕ್ಕೆ ಒಂದೊಂದು ಬದಿಯಿಂದ ಒಂದೊಂದು ಪೇಪರ್ ಕ್ಲಿಪ್ ಹಾಕಿ, ಎರಡು ತುದಿ ಹಿಡಿದು ಸಟ್ಟನೆ ಎಳೆದರೆ ಕ್ಲಿಪ್ಪುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೇಲಕ್ಕೆ ಚಿಮ್ಮುತ್ತವೆ. ಇದನ್ನು ಮಾಡೋಕೆ ಮ್ಯಾಜಿಕ್ ಬರಬೇಕಾಗಿಲ್ಲ, ಎಳೆಯೋಕೆ ಬಂದರೆ ಸಾಕು.

ಲೆಕ್ಕದ ಮೋಡಿ

ದೊಡ್ಡವರೂ ಹೈಸ್ಕೂಲ್ ಮಕ್ಕಳೂ ಜಾಸ್ತಿ ಇದ್ದರೆ ಒಂದು ಲೆಕ್ಕದ ಆಟ ಇರಲಿ. ಮೂರಂಕಿಯ ಸಂಖ್ಯೆ ಬರೆಯಿಸಿ, ಮೊದಲ ಅಂಕಿ ಕೊನೆಯದಕ್ಕಿಂತ ಕನಿಷ್ಠ 2 ಜಾಸ್ತಿ ಇರಬೇಕು. 732 ಅಂತಿಟ್ಟುಕೊಳ್ಳಿ. ತಿರುವಿ ಬರೆದು ಕಳೆದರೆ, 732ರಲ್ಲಿ 237 ಹೋದರೆ 495. ಇದನ್ನೂ ತಿರುವಿ ಕೂಡಿಸಿದರೆ, 495 ಮತ್ತು 594 ಸೇರಿ 1089. ಯಾವ ಸಂಖ್ಯೆಯಿಂದ ಹೊರಟರೂ 1089ಕ್ಕೇ ಬಂದು ನಿಲ್ಲುತ್ತೆ.

ಉತ್ತರ ಬಾಯಲ್ಲಿ ಹೇಳಿದರೆ ಸಪ್ಪೆ. ಬಿಳಿ ಹಾಳೆಯ ಮೇಲೆ ಬಿಳಿ ಮೇಣದ ಕ್ರೇಯಾನ್‌ನಲ್ಲಿ 1089 ಅಂತ ದಪ್ಪಗೆ ಬರೆದು ಮೊದಲೇ ಗೋಡೆಗೆ ಅಂಟಿಸಿಡಿ, ಯಾರಿಗೂ ಏನೂ ಕಾಣಲ್ಲ. ಲೆಕ್ಕ ಮುಗಿದ ಮೇಲೆ ಒಂದು ಮಗುವಿನ ಕೈಗೆ ಬ್ರಷ್ಷು, ನೀಲಿ ಬಣ್ಣದ ನೀರು ಕೊಟ್ಟು ಬಳಿಯೋಕೆ ಹೇಳಿ. ಮೇಣಕ್ಕೆ ನೀರು ಹತ್ತಲ್ಲ, ಅಂಕಿಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಒಣ ಲೆಕ್ಕ ಹೀಗೆ ಬೇಸಿಗೆ ಪಾರ್ಟಿಗೆ ಹೊಂದಿಕೊಳ್ಳುತ್ತೆ. ಆಹ್ವಾನ ಪತ್ರವನ್ನೂ ಹೀಗೇ ಮಾಡಬಹುದು. ನಿಂಬೆರಸದಲ್ಲಿ ಬರೆದು ಬಿಸಿ ಮಾಡಿ ಓದೋದಕ್ಕಿಂತ ಇದು ಒಳ್ಳೆಯದು, ಇಸ್ತ್ರಿ ಪೆಟ್ಟಿಗೆ ಹಿಡಿಯೋಕೆ ದೊಡ್ಡವರು ಬೇಕಾಗಲ್ಲ.

ಎರಡು ಎಚ್ಚರಿಕೆ. ಒಂದೇ ಪಾರ್ಟಿಯಲ್ಲಿ ಎರಡು ಸಲ ಮಾಡಬೇಡಿ, ಉತ್ತರ ಅದೇ. ಕಳೆಯೋ ಲೆಕ್ಕ ಪಕ್ಕಾ ಇಲ್ಲದವರ ಕೈಗೆ ಕ್ಯಾಲ್ಕುಲೇಟರ್ ಕೊಡಿ. ಅವರು ತಪ್ಪು ಮಾಡಿದರೂ ಹೆಸರು ಕೆಡೋದು ನಿಮ್ಮದು.

ವಯಸ್ಸು, ಜಾಗ, ಹೊತ್ತು

ಆರು ವರ್ಷದೊಳಗಿನವರಿಗೆ ಗುಟ್ಟಿನ ಹಂಗೇ ಇಲ್ಲ. ನೀವು ಎಡಗೈ ತೋರಿಸಿದರೆ ಅವರು ಬಲಗೈ ನೋಡುತ್ತಾರೆ, ಗಮನ ಬೇರೆ ಕಡೆ ಸೆಳೆಯೋ ವಿದ್ಯೆ ಅವರ ಹತ್ತಿರ ನಡೆಯಲ್ಲ. ಬಣ್ಣ, ನೀರು, ಮಾಮ ಪೆದ್ದು ಪೆದ್ದಾಗಿ ತಪ್ಪು ಮಾಡೋದು, ಇಷ್ಟಿದ್ದರೆ ಸಾಕು. ಹತ್ತು ಹದಿನೈದು ನಿಮಿಷಕ್ಕೆ ಮುಗಿಸಿ. ಏಳರಿಂದ ಹತ್ತರವರು ಅತಿ ಒಳ್ಳೆ ಪ್ರೇಕ್ಷಕರು, ಗುಟ್ಟು ಹಿಡಿಯಲೇಬೇಕು ಅಂತ ಕೂತಿರುತ್ತಾರೆ. ಅದಕ್ಕಿಂತ ದೊಡ್ಡವರು ನಿಮ್ಮನ್ನು ಹಿಡಿದುಹಾಕೋಕೇ ಬಂದಿರುತ್ತಾರೆ, ಅವರನ್ನು ಸಹಾಯಕರನ್ನಾಗಿ ಮಾಡಿಕೊಳ್ಳೋದು ಜಾಣತನ.

ಹಗಲಲ್ಲಿ ಹೊರಗೆ ಮಾಡೋದಾದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬಾರದು. ನೋಡೋರಿಗೆ ಕಣ್ಣು ಕುಕ್ಕುತ್ತೆ, ಕರವಸ್ತ್ರದೊಳಗೆ ಏನಿದೆ ಅನ್ನೋದೂ ಕಾಣುತ್ತೆ. ಪೂರ್ತಿ ನೆರಳು, ಬೆನ್ನಿಗೆ ಒಂದು ಗೋಡೆ, ಮಕ್ಕಳು ಎದುರಿಗೆ ಚಾಪೆ ಮೇಲೆ. ನಡುಮಧ್ಯಾಹ್ನ ಬೇಡವೇ ಬೇಡ. ನನಗೆ ಸರಿ ಅನಿಸಿದ್ದು ಬಿಸಿಲು ಇಳಿಯುತ್ತಾ ಬರುವ ಹೊತ್ತು. ಮಣಿಗೆ ಬೇಕಾದಷ್ಟು ಬಿಸಿಲು ಇರುತ್ತೆ, ಐಸ್ ಕೂಡ ಸ್ವಲ್ಪ ಹೊತ್ತು ಉಳಿಯುತ್ತೆ. ಮನೆಯೊಳಗೆ ಆದರೆ ಗಾಳಿ, ಬೆಳಕು ನಿಮ್ಮ ಹಿಡಿತದಲ್ಲಿ ಇರುತ್ತೆ. ನೆಲ ಒದ್ದೆಯಾಗುತ್ತೆ ಅನ್ನೋ ಭಯದಲ್ಲಿ ಅರ್ಧ ಮಜಾ ಹೋಗುತ್ತೆ ಅಷ್ಟೆ.

ಎಲ್ಲ ಒಟ್ಟಿಗೆ ಶೋ ಮಾಡೋದಾ, ಪಾರ್ಟಿ ಉದ್ದಕ್ಕೂ ಒಂದೊಂದಾಗಿ ಬಿಡೋದಾ? ಮಕ್ಕಳು ಹನ್ನೆರಡಕ್ಕಿಂತ ಜಾಸ್ತಿ ಇದ್ದರೆ ಒಟ್ಟಿಗೆ, ಇಲ್ಲದಿದ್ದರೆ ಕೂರಿಸೋದೇ ಕಷ್ಟ. ಕಡಿಮೆ ಇದ್ದರೆ ಬಿಡಿಬಿಡಿಯಾಗಿ ಮಾಡಿ. ಊಟಕ್ಕೆ ಮೊದಲು ನಾಣ್ಯದ ಲೋಟ, ಆಟದ ನಡುವೆ ಮಣಿ, ಕೊನೆಗೆ ನೀರು. ಒದ್ದೆಯಾಗೋ ಆಟ ಯಾವಾಗಲೂ ಕೊನೆಗೇ ಇರಲಿ, ಅದಾದ ಮೇಲೆ ಯಾರೂ ಮತ್ತೆ ಒಂದು ಕಡೆ ಕೂರಲ್ಲ.

ನೀವೇ ಮಾಡೋದಾ, ಕರೆಸೋದಾ, ಮಕ್ಕಳಿಗೆ ಕಲಿಸೋದಾ

ಐವತ್ತು ಜನ ಸೇರುತ್ತಾರೆ ಅಂದರೆ ಮ್ಯಾಜಿಕ್ ಕಲಾವಿದರನ್ನೇ ಕರೆಸಿ. ಕರೆಸುವಾಗ ಶೋ ಹೊರಗೆ, ಬಿಸಿಲು ಇರುತ್ತೆ, ಸುತ್ತ ಜನ ಇರುತ್ತಾರೆ ಅಂತ ಮೊದಲೇ ಹೇಳಿಬಿಡಿ. ಮೊಲ, ಪಾರಿವಾಳ ತರುತ್ತಾರಾ ಕೇಳಿ. ಮೊಲಕ್ಕೆ ಸೆಖೆ ತಡೆಯಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಂತೂ ಅದರ ಪಾಡು ಕೇಳಬೇಡಿ. ಬೆಂಕಿಯ ಆಟವನ್ನೂ ಬೇಡ ಅನ್ನಿ.

ಅಂಗಡಿಯ ಮ್ಯಾಜಿಕ್ ಪೆಟ್ಟಿಗೆ ನೂರು ಆಟ, ನೂರೈವತ್ತು ಆಟ ಅಂತ ಬರುತ್ತೆ. ಒಂದೇ ಸಾಮಾನನ್ನು ಹತ್ತು ರೀತಿ ಹಿಡಿದು ಹತ್ತು ಆಟ ಅಂತ ಎಣಿಸಿರುತ್ತಾರೆ. ಕೊಡುಗೆಯಾಗಿ ಕೊಡೋಕೆ ಸರಿ, ಹಿಂದಿನ ರಾತ್ರಿ ತಂದು ಮಾರನೇ ದಿನ ಶೋ ಮಾಡ್ತೀನಿ ಅಂದರೆ ಆಗಲ್ಲ.

ಹತ್ತು ಮಕ್ಕಳೊಳಗಿನ ಪಾರ್ಟಿಗೆ ನನ್ನ ಮತ ಕಲಿಸೋದಕ್ಕೆ. ಎರಡು ಆಟ ನೀವು ಮಾಡಿ ತೋರಿಸಿ, ಅವುಗಳ ಗುಟ್ಟು ಬಿಡಬೇಡಿ. ಇನ್ನೆರಡು ಆಟ, ರಬ್ಬರ್ ಬ್ಯಾಂಡು ಮತ್ತು ಕ್ಲಿಪ್ಪು, ಕೈಗೆ ಕೊಟ್ಟು ಕಲಿಸಿ. ಮನೆಗೆ ಹೋಗಿ ಅಪ್ಪ ಅಮ್ಮನ ಮುಂದೆ ಮಾಡೋಕೆ ಅವರ ಹತ್ತಿರವೂ ಏನೋ ಇರುತ್ತೆ.

ಒಂದಿಷ್ಟು ಹುಷಾರು

ಡಯಾಪರ್ ಪುಡಿ ಮೂಗಿಗೆ, ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ. ನೀರಲ್ಲಿ ಊದುವ ಜೆಲ್ ಗೋಲಿಗಳನ್ನು ಮಕ್ಕಳ ಪಾರ್ಟಿಗೆ ತರಲೇಬೇಡಿ, ನುಂಗಿದರೆ ಹೊಟ್ಟೆಯೊಳಗೇ ಊದಿ ಕರುಳಿಗೆ ಅಡ್ಡವಾಗುತ್ತವೆ. ಬಲೂನಿಗೆ ಕಡ್ಡಿ ಚುಚ್ಚೋ ಆಟ ಚೆನ್ನಾಗಿದೆ, ಗಂಟಿನ ಹತ್ತಿರ ಮತ್ತು ಎದುರು ತುದಿಯ ದಟ್ಟ ಬಣ್ಣದ ಜಾಗದಲ್ಲಿ ರಬ್ಬರ್ ಅಷ್ಟಾಗಿ ಹಿಗ್ಗಿರಲ್ಲ, ಅಲ್ಲಿ ಚುಚ್ಚಿದರೆ ಒಡೆಯಲ್ಲ. ಆದರೆ ಬಿಸಿಲಿಗೆ ಬಲೂನು ತಾನೇ ಒಡೆಯುತ್ತೆ, ಚೂರುಗಳು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ತಕ್ಷಣ ಆರಿಸಿ. ಹೊಗೆ ಬರಿಸೋಕೆ ಡ್ರೈ ಐಸ್ ತರೋ ಯೋಚನೆ ಇದ್ದರೆ, ಅದು ಮೈನಸ್ 78 ಡಿಗ್ರಿ, ಮುಟ್ಟಿದರೆ ಚರ್ಮ ಸುಟ್ಟ ಹಾಗಾಗುತ್ತೆ, ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಸಿಡಿಯುತ್ತೆ. ನಾನಂತೂ ತರಲ್ಲ.

ನಾನಾದರೆ ಇಷ್ಟೇ

ಈ ಬೇಸಿಗೆಗೆ ನನ್ನ ಪಟ್ಟಿ ಸಿದ್ಧ ಇದೆ. ಬಿಸಿಲಿನ ಮಣಿ, ನಾಣ್ಯದ ಲೋಟ, ಹಗ್ಗ, 1089, ಕೊನೆಗೆ ಬಲೆ ಕಟ್ಟಿದ ಬಾಟಲಿ. ಇಸ್ಪೀಟು ಕಟ್ಟು ಮನೆಯಲ್ಲೇ. ಮೊನ್ನೆ ಸಂಜೆ ಪಾರ್ಟಿ ಮಾಡೋ ಜಾಗದಲ್ಲೇ, ಅದೇ ಹೊತ್ತಿಗೆ ನಿಂತು ಎಲ್ಲ ಒಮ್ಮೆ ಮಾಡಿ ನೋಡಿದೆ. ಐದೂ ನಡೆದವು. ಅಣ್ಣನ ಮಗಳು ಪಕ್ಕದಲ್ಲೇ ನಿಂತು ನೋಡ್ತಾ ಇದ್ದಳು, ಬಾಟಲಿ ಇಸ್ಕೊಂಡು ತಾನೂ ನಾಲ್ಕು ಸಲ ಮಾಡಿದಳು, ಒಂದು ಹನಿ ಬೀಳಲಿಲ್ಲ. ಹಾಗಾಗಿ ಈ ಸಲ ಬಾಟಲಿ ಹಿಡಿಯೋದು ಅವಳು. ಕೆಳಗೆ ಕುರ್ಚಿಯಲ್ಲಿ ಕೂರೋದು ನಾನು. ಯಾವಾಗ ವಾಲಿಸ್ತೀಯಾ ಅಂತ ಕೇಳಿದರೆ ಹೇಳ್ತಾ ಇಲ್ಲ.